ಗೋರೆಮೆಯ ಚಿತ್ರಗಳ ಜೊತೆಗೆ ಜೆಲ್ವೆಯ ಊರನ್ನೂ ನೋಡಬೇಕೆ?

ಪ್ರಶ್ನೆ: ಅಕ್ಟೋಬರ್‌ನಲ್ಲಿ ಟರ್ಕಿ ಪ್ರವಾಸಕ್ಕೆ ಹೊರಟಿದ್ದೇವೆ. ಕಪ್ಪಡೋಕಿಯಾದ ಗುಹಾಮನೆಗಳು ಮತ್ತು ಬಂಡೆ ಕೊರೆದ ಚರ್ಚುಗಳಿಗೆ ಒಂದೇ ದಿನ ಸಿಗುತ್ತದೆ. ಗೋರೆಮೆಯ ಬಯಲು ವಸ್ತುಸಂಗ್ರಹಾಲಯವೊಂದೇ ಸಾಕೆ? ಬಾದಾಮಿ ನೋಡಿದವರಿಗೆ ಅಲ್ಲಿ ಹೊಸತೇನಿದೆ? ಮಂಡಿನೋವಿರುವ ಅತ್ತೆಯವರೂ ಜೊತೆಗಿರುತ್ತಾರೆ.
– ಓದುಗರು, ದಾವಣಗೆರೆ

ಉತ್ತರ: ಬೆಳಿಗ್ಗೆ ಗೋರೆಮೆ, ಮಧ್ಯಾಹ್ನದ ನಂತರ ಜೆಲ್ವೆ ಎಂದು ದಿನವನ್ನು ಹಂಚಿಕೊಳ್ಳಿ. ಗೋರೆಮೆಯಲ್ಲಿ ಸಿಗುವುದು ಸನ್ಯಾಸಿಗಳ ನೆಲೆ ಮತ್ತು ಅದರ ಚಿತ್ರಸಂಪತ್ತು; ಜನ ಸಂಸಾರ ಮಾಡಿಕೊಂಡಿದ್ದ ಊರನ್ನು ಕಾಣಬೇಕಾದರೆ ಜೆಲ್ವೆಗೇ ಹೋಗಬೇಕು.

ಬಾದಾಮಿಯ ಗುಹೆಗಳನ್ನು ಗಟ್ಟಿ ಮರಳುಗಲ್ಲಿನಲ್ಲಿ ಕಡೆದಿದ್ದರೆ, ಇಲ್ಲಿಯದು ಎರ್ಜಿಯೆಸ್, ಹಸನ್ ಮುಂತಾದ ಜ್ವಾಲಾಮುಖಿಗಳು ಉಗುಳಿದ ಬೂದಿ ಗಟ್ಟಿಯಾಗಿ ಆದ ಮೆದುಕಲ್ಲು. ಇದನ್ನು ಕೊರೆಯುವುದು ಸುಲಭ, ಗಾಳಿ ತಾಗಿದ ಮೇಲೆ ಮೇಲ್ಮೈ ಗಡುಸಾಗುತ್ತದೆ. ಗೋರೆಮೆಯ ಕೆಲವು ಚರ್ಚುಗಳಲ್ಲಿ ಕಂಬದ ಬುಡವೂ ನಡುಭಾಗವೂ ಉದುರಿಹೋಗಿ, ಬೋದಿಗೆ (ಕಂಬದ ತಲೆಭಾಗ) ಮಾತ್ರ ಮಾಡಿನಿಂದ ಜೋತುಬಿದ್ದಿರುವುದನ್ನು ನಿಂತು ಗಮನಿಸಿ. ಕಟ್ಟಿದ ಚರ್ಚಾಗಿದ್ದರೆ ಮಾಡು ಎಂದೋ ಕುಸಿಯುತ್ತಿತ್ತು. ಇಲ್ಲಿ ಕಂಬಕ್ಕೆ ಭಾರ ಹೊರುವ ಕೆಲಸವೇ ಇಲ್ಲ, ಕಟ್ಟಿದ ಚರ್ಚುಗಳ ರೂಪವನ್ನು ಬಂಡೆಯಲ್ಲಿ ಅನುಕರಿಸಿದ್ದಾರೆ, ಅಷ್ಟೆ. ಎಲ್ಮಾಲಿ ಚರ್ಚಿನಲ್ಲಿ ಚಿತ್ರದ ಗಾರೆ ಕಳಚಿದ ಕಡೆ, ಅದಕ್ಕೂ ಮೊದಲು ಕಲ್ಲಿನ ಮೇಲೆ ನೇರವಾಗಿ ಕೆಮ್ಮಣ್ಣಿನಲ್ಲಿ ಬರೆದ ಶಿಲುಬೆಗಳು ಇಣುಕುತ್ತವೆ.

ಕರಾನ್ಲಿಕ್, ಎಂದರೆ ಕತ್ತಲ ಚರ್ಚಿಗೆ ಪ್ರತ್ಯೇಕ ಟಿಕೆಟ್ ಇದೆ. ಆ ಹಣಕ್ಕೆ ಹಿಂದೆಮುಂದೆ ನೋಡಬೇಡಿ. ಸಣ್ಣ ಕಿಟಕಿಯೊಂದರಿಂದಷ್ಟೇ ಬೆಳಕು ಬರುವುದರಿಂದ ಅಲ್ಲಿನ ಬಣ್ಣಗಳು ಮಾಸಿಲ್ಲ. ಚರ್ಚುಗಳ ಒಳಗೆ ಫೋಟೊ ತೆಗೆಯುವಂತಿಲ್ಲ. 10ನೆಯ ಶತಮಾನದ ದಟ್ಟ ನೀಲಿ ಚಿತ್ರಗಳಿರುವ ತೊಕಾಲಿ ಚರ್ಚು ಸಂಗ್ರಹಾಲಯದ ಗೇಟಿನ ಹೊರಗೆ, ರಸ್ತೆಯ ಬದಿಯಲ್ಲಿದೆ. ಹೊರಬಂದವರು ನೋಡದೆಯೇ ಬಸ್ಸು ಹತ್ತುವುದುಂಟು. ಅದಕ್ಕೂ ಸಂಗ್ರಹಾಲಯದ ಟಿಕೆಟ್ಟೇ ನಡೆಯುತ್ತದೆ, ಎಸೆಯದೆ ಇಟ್ಟುಕೊಳ್ಳಿ.

ಜೆಲ್ವೆಯಲ್ಲಿ ಇಷ್ಟು ಚಿತ್ರಗಳಿಲ್ಲ. ಅಲ್ಲಿರುವುದು ಮೂರು ಕಣಿವೆಗಳ ಗೋಡೆಯುದ್ದಕ್ಕೂ ಒಂದರ ಮೇಲೊಂದು ಕೊರೆದ ಮನೆಗಳು, ಚರ್ಚುಗಳು, ಒಂದು ಮಸೀದಿ, ಒಂದು ಗಿರಣಿ, ಮತ್ತು ದ್ರಾಕ್ಷಿ ತೋಟದ ಗೊಬ್ಬರಕ್ಕೆ ಹಿಕ್ಕೆ ಸಂಗ್ರಹಿಸುತ್ತಿದ್ದ ಪಾರಿವಾಳದ ಗೂಡುಗಳು. ಗ್ರೀಸ್ ಮತ್ತು ಟರ್ಕಿಯ ನಡುವಿನ 1923ರ ಜನವಿನಿಮಯ ಒಪ್ಪಂದದಿಂದಾಗಿ ಕ್ರೈಸ್ತರು ಊರು ಬಿಟ್ಟು ಗ್ರೀಸ್‌ಗೆ ಹೋದರು. ಉಳಿದ ಮುಸ್ಲಿಂ ಕುಟುಂಬಗಳನ್ನು, ಬಂಡೆ ಸವೆದು ಕುಸಿಯುವ ಭಯದಿಂದ, 1952ರಲ್ಲಿ ಹತ್ತಿರದ ಹೊಸ ಊರಿಗೆ ಸ್ಥಳಾಂತರಿಸಲಾಯಿತು. ಕೊರೆಯಲು ಅನುಕೂಲವಾಗಿದ್ದ ಕಲ್ಲಿನ ಮೆದುತನವೇ ಊರನ್ನು ಖಾಲಿ ಮಾಡಿಸಿತು. ಈಗಲೂ ಕೆಲವು ಭಾಗಗಳಿಗೆ ಪ್ರವೇಶವಿಲ್ಲ. ಬೇಲಿ ದಾಟುವ ಸಾಹಸ ಬೇಡ.

ಅತ್ತೆಯವರಿಗೆ ಗೋರೆಮೆಯ ಏರುದಾರಿ ಮತ್ತು ಮೆಟ್ಟಿಲುಗಳೇ ಹೆಚ್ಚು ತ್ರಾಸ. ಊರಿನಿಂದ ಸಂಗ್ರಹಾಲಯಕ್ಕೆ ಸುಮಾರು ಒಂದೂವರೆ ಕಿಲೋಮೀಟರ್ ಏರು ಇರುವುದರಿಂದ ಟ್ಯಾಕ್ಸಿ ಮಾಡಿ, ಬಾಗಿಲು ತೆರೆಯುವ ಹೊತ್ತಿಗೇ ತಲುಪಿ, ಅವರಿಗೆ ಎರಡು ಮೂರು ಚರ್ಚುಗಳನ್ನಷ್ಟೇ ತೋರಿಸಿ. ಜೆಲ್ವೆಯಲ್ಲಿ ಅವರು ಕಣಿವೆಯ ತಳದ ಕಾಲುದಾರಿಯಲ್ಲೇ ನಿಧಾನವಾಗಿ ನಡೆದರೂ ಮನೆಗಳ ಸಾಲು ಚೆನ್ನಾಗಿ ಕಾಣುತ್ತದೆ. ಮೆದುಕಲ್ಲಿನ ಪುಡಿ ಒಣಗಿದ್ದಾಗಲೂ ಜಾರುತ್ತದೆ. ಚಪ್ಪಲಿ ಬಿಟ್ಟು, ಅಡಿಯಲ್ಲಿ ಹಿಡಿತವಿರುವ ಶೂ ಹಾಕಿಸಿ.