ಭೂಮಿಯ ಬಿರುಕು ಜಾರುತ್ತಿದೆ ಅಂತ ಹೇಗೆ ಕಂಡುಹಿಡಿಯುತ್ತಾರೆ?

ಇಂಥ ಬಿರುಕನ್ನು ಸ್ತರಭಂಗ ಅಥವಾ ಫಾಲ್ಟ್ ಅನ್ನುತ್ತಾರೆ. ಕೆಲವು ಸದ್ದಿಲ್ಲದೆ ವರ್ಷಕ್ಕೆ ಕೆಲವೇ ಮಿಲಿಮೀಟರ್ ಜಾರುತ್ತವೆ. ಕಣ್ಣಿಗೆ ಕಾಣೋದಿಲ್ಲ.

ನನಗೆ ಇಷ್ಟವಾದ ಸಾಧನ ಕ್ರೀಪ್‌ಮೀಟರ್. ಬಿರುಕಿನ ಎರಡೂ ಬದಿಗೆ ಗೂಟ ಹೂತು, ನಡುವೆ ಓರೆಯಾಗಿ ತಂತಿ ಅಥವಾ ಸರಳು ಹಾಯಿಸುತ್ತಾರೆ. ಒಂದು ಬದಿ ಜಾರಿದರೆ ಗೂಟಗಳ ಅಂತರ ಬದಲಾಗುತ್ತದೆ, ಸೆನ್ಸರ್ ಅದನ್ನು ದಾಖಲಿಸುತ್ತದೆ. ಓರೆಯಾಗಿ ಯಾಕೆ? ನೇರ ಅಡ್ಡಕ್ಕೆ ಕಟ್ಟಿದರೆ, ನೆಲ ಪಕ್ಕಕ್ಕೆ ಸ್ವಲ್ಪ ಜಾರಿದರೂ ತಂತಿಯ ಉದ್ದ ಹೆಚ್ಚುಕಮ್ಮಿ ಹಾಗೇ ಇರುತ್ತದೆ. ಒಂದೇ ತೊಂದರೆ, ಮಳೆಗೆ ಮಣ್ಣು ಉಬ್ಬಿದರೂ ಇದು ಸುಮ್ನೆ ಏನೋ ಲೆಕ್ಕ ತೋರಿಸುತ್ತದೆ.

ಹಾಗಾಗಿ ದೂರದ ಗಟ್ಟಿ ಬಂಡೆಗಳ ಮೇಲೆ ಜಿಪಿಎಸ್ ಕೂರಿಸುತ್ತಾರೆ. ಇನ್‌ಸಾರ್ ವಿಧಾನದಲ್ಲಿ ಉಪಗ್ರಹ ಬೇರೆ ಬೇರೆ ದಿನ ತೆಗೆದ ರೇಡಾರ್ ಚಿತ್ರಗಳನ್ನು ಹೋಲಿಸಿ ಇಡೀ ಪ್ರದೇಶದ ಅಲುಗಾಟ ನೋಡಬಹುದು. ದಟ್ಟ ಕಾಡಿದ್ದರೆ ಕಷ್ಟ. ಆಳದ ಸಣ್ಣ ಕಂಪನಗಳಿಗೆ ಸೀಸ್ಮೋಮೀಟರ್ ಇದ್ದೇ ಇದೆ.

ಇಷ್ಟಿದ್ದರೆ ಭೂಕಂಪ ಮೊದಲೇ ಗೊತ್ತಾಗಬೇಕು, ಅಲ್ವಾ? ಇಲ್ಲ. ಕ್ಯಾಲಿಫೋರ್ನಿಯಾದ ಪಾರ್ಕ್‌ಫೀಲ್ಡ್‌ನಲ್ಲಿ ಸ್ಯಾನ್ ಆಂಡ್ರಿಯಾಸ್ ಫಾಲ್ಟ್ ಸುತ್ತ ಸಾಧನಗಳ ದಂಡೇ ಇತ್ತು. 2004ರಲ್ಲಿ ಅಲ್ಲಿ 6.0 ಪ್ರಮಾಣದ ಭೂಕಂಪ ಆಯಿತು. ಸ್ಪಷ್ಟ ಮುನ್ಸೂಚನೆ ಮಾತ್ರ ಸಿಗಲಿಲ್ಲ.