ಎರಡು ವರ್ಷಕ್ಕೆ ತೆಂಗು ಹೂ ಬಿಡುವುದಿಲ್ಲ, ಮಾಷ್ಟ್ರೇ

ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ನಿವೃತ್ತ ಕನ್ನಡ ಅಧ್ಯಾಪಕರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಮಗಳು ಸಸ್ಯ ಜೈವಿಕ ತಂತ್ರಜ್ಞಾನದಲ್ಲಿ ಪಿಎಚ್.ಡಿ. ಮುಗಿಸಿದ್ದಾಳೆ. ಈಗ ಎರಡು ಕಡೆಯಿಂದ ಪೋಸ್ಟ್‌ಡಾಕ್ (ಪಿಎಚ್.ಡಿ. ನಂತರದ ಸಂಶೋಧನೆ) ಕರೆ ಬಂದಿದೆ. ಒಂದು ವಿದೇಶದಲ್ಲಿ, ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದ ಬೇರಿನ ಮೇಲೆ. ಇನ್ನೊಂದು ದೇಶದೊಳಗೇ, ತೆಂಗು–ಅಡಿಕೆಯ ಅಂಗಾಂಶ ಕೃಷಿ (ಟಿಶ್ಯೂ ಕಲ್ಚರ್, ಗಿಡದ ಚೂರಿನಿಂದ ಬಾಟಲಿಯಲ್ಲಿ ಸಸಿ ಬೆಳೆಸುವುದು), ಎರಡು ವರ್ಷದ ಪ್ರಾಜೆಕ್ಟ್. ಅವರ ಮಾತಿನಲ್ಲೇ ಕೇಳಿ: "ಡಾಕ್ಟರ್ ಆದಳು ಅಂದರೆ ಊರವರು ಯಾವ ಆಸ್ಪತ್ರೆ ಅಂತ ಕೇಳುತ್ತಾರೆ. ಆಸ್ಪತ್ರೆ ಅಲ್ಲ, ಇನ್ನೂ ಕಲಿಯಲಿಕ್ಕಿದೆ ಅಂದರೆ ನಗುತ್ತಾರೆ. ಈ ಪೋಸ್ಟ್‌ಡಾಕ್ ಉದ್ಯೋಗವೋ, ವಿದ್ಯಾರ್ಥಿತನವೋ? ತೆಂಗು–ಅಡಿಕೆ ನೋಡಿಕೊಳ್ಳಲಿಕ್ಕೆ ಅಷ್ಟು ಓದಬೇಕಿತ್ತೇ? ವಿದೇಶವೇ ಲೇಸು ಎಂದು ನನ್ನ ಅಭಿಪ್ರಾಯ. ಹೇಗೂ ಈ ಕುಲಾಂತರಿ ಟಿಶ್ಯೂ ಕಲ್ಚರ್ ಗಿಡಗಳನ್ನು ನಮ್ಮ ತೋಟಕ್ಕೆ ಯಾರೂ ತರುವುದಿಲ್ಲ."

ಮಾಷ್ಟ್ರೇ, ಮೊದಲ ಪ್ರಶ್ನೆಗೆ ಉತ್ತರ ಸಣ್ಣದು. ಪೋಸ್ಟ್‌ಡಾಕ್ ಉದ್ಯೋಗವೇ, ಆದರೆ ಮುಗಿಯುವ ತಾರೀಖನ್ನು ಮೊದಲೇ ಬರೆದಿಟ್ಟ ಉದ್ಯೋಗ. ಕೇಂದ್ರ ಸರಕಾರದ ಪ್ರಾಜೆಕ್ಟುಗಳಲ್ಲಿ ರಿಸರ್ಚ್ ಅಸೋಸಿಯೇಟ್ ಎಂದು ಸೇರಿದರೆ, 2023ರ ಜನವರಿ 1ರಿಂದ ಜಾರಿಯಾದ ದರದಂತೆ ತಿಂಗಳಿಗೆ 58,000, 61,000 ಅಥವಾ 67,000 ರೂಪಾಯಿ. ಯಾವ ಮೆಟ್ಟಿಲು ಎಂಬುದು ಅನುಭವದ ಮೇಲೆ. ಮನೆ ಬಾಡಿಗೆ ಭತ್ಯೆ ಬೇರೆ. ಪಿಂಚಣಿ ಇಲ್ಲ. ಹಣ ಬಿಡುಗಡೆಯಾಗುವುದು ತಡವಾದರೆ ಮೂರು ತಿಂಗಳದ್ದು ಒಟ್ಟಿಗೆ ಬರುವುದೂ ಉಂಟು. ಆದ್ದರಿಂದ ಸೇರುವಾಗ ಕೈಯಲ್ಲಿ ಮೂರು ತಿಂಗಳ ಖರ್ಚು ಇಟ್ಟುಕೊಂಡಿರಬೇಕು. ಊರವರಿಗೆ ಇದನ್ನೆಲ್ಲ ವಿವರಿಸಲು ಹೋಗಬೇಡಿ. "ಗಿಡದ ಡಾಕ್ಟರ್" ಎಂದರೆ ಸಾಕು.

ತೆಂಗು–ಅಡಿಕೆಗೆ ಅಷ್ಟು ಓದಬೇಕೇ ಎಂಬ ಎರಡನೆಯ ಪ್ರಶ್ನೆ ನಮ್ಮ ಹಳೆಯ ಹುಣ್ಣನ್ನು ಮುಟ್ಟಿದ್ದರಿಂದಲೇ ನಿಮ್ಮ ಕಾಗದ ಈ ತಿಂಗಳು ಮೇಲೆ ಬಂದದ್ದು.

ಅರಬಿಡಾಪ್ಸಿಸ್ ಬಗ್ಗೆ ನಮಗೆ ದ್ವೇಷವಿಲ್ಲ. ಸಾಸಿವೆಯ ನೆಂಟ, ಕಳೆ ಗಿಡ, ಬೀಜದಿಂದ ಬೀಜಕ್ಕೆ ಆರೇಳು ವಾರ. 2000ದಲ್ಲೇ ಅದರ ಜೀನೋಮ್ (ಜೀನುಗಳ ಇಡೀ ಬರಹ) ಬಹುಮಟ್ಟಿಗೆ ಓದಿ ಆಯಿತು. ಜೀನ್ ಸೇರಿಸಬೇಕಾದರೆ ಗಿಡಕ್ಕೆ ಜೀನ್ ಸಾಗಿಸುವ ಆಗ್ರೊಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ಕಲಸಿದ ಶೇ. 5ರ ಸಕ್ಕರೆ ನೀರಿಗೆ ಒಂದು ತೊಟ್ಟು ಸಿಲ್ವೆಟ್ (ನೀರು ಹರಡಿ ಅಂಟಲು ಸೋಪಿನಂಥ ದ್ರವ) ಹಾಕಿ ಹೂಗೊಂಚಲನ್ನು ಅದ್ದಿ ತೆಗೆದರೆ ಮುಗಿಯಿತು. ಎರಡು ವರ್ಷದಲ್ಲಿ ಹತ್ತು ಹನ್ನೆರಡು ತಲೆಮಾರು ಕಾಣಬಹುದು, ಎರಡು ಪ್ರಬಂಧ ಬರೆಯಬಹುದು. ಸಸ್ಯದ ಬಗ್ಗೆ ಇಂದು ಗೊತ್ತಿರುವ ಬಹಳಷ್ಟು ಸಂಗತಿಗಳು ಆ ಕಳೆಯಿಂದ ಬಂದವು. ಗೌರವ ಇದೆ.

ಆದರೆ ತೆಂಗು? ಅದಕ್ಕೆ ಒಂದೇ ಸುಳಿ. ಬಾಳೆಯಂತೆ ಬುಡದಿಂದ ಮರಿಗಿಡ (ಕಂದು) ಹಾಕುವುದಿಲ್ಲ, ಕೊಂಬೆ ಕಡಿದು ನೆಡುವ ಹಾಗಿಲ್ಲ. ಎತ್ತರದ ತಳಿ ಪರಪರಾಗಸ್ಪರ್ಶದ್ದು, ಹಾಗಾಗಿ ನಿಮ್ಮ ಅಂಗಳದ ಅತಿ ಒಳ್ಳೆಯ ಮರದ ಕಾಯಿ ನೆಟ್ಟರೂ ಹುಟ್ಟುವುದು ತಾಯಿಯಂಥದ್ದೇ ಎಂಬ ಭರವಸೆಯಿಲ್ಲ. ಅಂಗಾಂಶ ಕೃಷಿ ಬೇಕಾಗಿರುವುದು ಇದಕ್ಕೇ. ಅದನ್ನು ಮಾಡಲಿಕ್ಕೆ ಅಷ್ಟು ಓದಬೇಕೇ ಎಂದು ಕೇಳಿದಿರಲ್ಲ, ಕೆಲಸ ಹೇಗೆ ನಡೆಯುತ್ತದೆಂದು ಸ್ವಲ್ಪ ನೋಡಿ.

ಹನ್ನೊಂದು ಹನ್ನೆರಡು ತಿಂಗಳ ಕಾಯಿ ಸುಲಿದು ಒಡೆಯಬೇಕು. ಮೆತ್ತಗಿನ ಕಣ್ಣಿನ ಕೆಳಗೆ ಭ್ರೂಣ ಕೂತಿರುತ್ತದೆ. ಕಾರ್ಕ್ ಕೊರೆಯುವ ಕೊಳವೆಯಿಂದ ಕೊಬ್ಬರಿಯ ಸಮೇತ ಅದನ್ನು ಗುಂಡಗೆ ಕೊರೆದು ತೆಗೆದು, ತೊಳೆದು, ಕ್ರಿಮಿನಾಶಕದಲ್ಲಿ ಅದ್ದಿ, ಸೋಸಿದ ಗಾಳಿ ಹರಿಯುವ ಲ್ಯಾಮಿನಾರ್ ಪೆಟ್ಟಿಗೆಯೊಳಗೆ ಭ್ರೂಣ ಬಿಡಿಸಬೇಕು. ಆ ಭ್ರೂಣದೊಳಗಿನ ಮೊಳಕೆಯ ತುದಿಯನ್ನು ಸೂಕ್ಷ್ಮದರ್ಶಕದ ಕೆಳಗೆ ಕತ್ತರಿಸಿ ವೈ3 ಎಂಬ ಮಾಧ್ಯಮದಲ್ಲಿ (ಪೋಷಕಾಂಶ ಕಲಸಿದ ಆಹಾರದಲ್ಲಿ) ಇಟ್ಟು ತಿಂಗಳುಗಟ್ಟಲೆ ಕತ್ತಲಲ್ಲಿಡಬೇಕು. ತೆಂಗಿನ ಅಂಗಾಂಶ ಗಾಯವಾದೊಡನೆ ಕಂದಾಗುತ್ತದೆ, ಬಾಳೆಕಾಯಿ ಹೆಚ್ಚಿಟ್ಟ ಹಾಗೆ. ಆ ಕಂದು ರಸವೇ ಅದನ್ನು ಕೊಲ್ಲುತ್ತದೆ. ಅದನ್ನು ಹೀರಲೆಂದು ಲೀಟರಿಗೆ 2.5 ಗ್ರಾಂನಷ್ಟು ಸಕ್ರಿಯ ಇದ್ದಿಲು ಹಾಕುತ್ತಾರೆ. ತೊಂದರೆ ಶುರುವಾಗುವುದು ಇಲ್ಲಿ. ಇದ್ದಿಲು ಕಂದು ರಸದ ಜೊತೆ ಹಾರ್ಮೋನನ್ನೂ ನುಂಗುತ್ತದೆ. ಹಾಗಾಗಿ ಬೇರೆ ಬೆಳೆಗಳಲ್ಲಿ ಲೀಟರಿಗೆ ಒಂದೆರಡು ಮಿಲಿಗ್ರಾಂ ಸಾಕಾಗುವ 2,4-ಡಿ ಎಂಬ ಹಾರ್ಮೋನು ಇಲ್ಲಿ ಇಪ್ಪತ್ತು ಮಿಲಿಗ್ರಾಂ ಮೀರಿ ಬೇಕಾಗುತ್ತದೆ. ಅಷ್ಟು ಹಾಕಿದರೂ ಗಿಡದ ಪಾಲಿಗೆ ಎಷ್ಟು ಉಳಿಯಿತು ಎಂಬುದು ಇದ್ದಿಲಿನ ಕಂಪೆನಿ, ಬ್ಯಾಚು, ಒತ್ತಡದ ಹಬೆಯಿಂದ ಕ್ರಿಮಿ ಕೊಲ್ಲುವ ಆಟೊಕ್ಲೇವಿನಲ್ಲಿ ಇಟ್ಟ ಹೊತ್ತು, ಇಷ್ಟರ ಮೇಲೆ ಬದಲಾಗುತ್ತದೆ. ಒಂದೇ ಸೂತ್ರ ಹಿಡಿದು ಇಬ್ಬರು ಮಾಡಿದರೆ ಎರಡು ಫಲ. ನಿಮ್ಮ ಮಗಳು ತೆಂಗಿಗೇ ಹೋಗುವುದಾದರೆ ಮೊದಲ ವಾರದಲ್ಲೇ ಎರಡು ವರ್ಷಕ್ಕಾಗುವಷ್ಟು ಇದ್ದಿಲನ್ನು ಒಂದೇ ಬ್ಯಾಚಿನದ್ದು ತರಿಸಿ, ಗಾಳಿ ಹೋಗದ ಹಾಗೆ ಮುಚ್ಚಿಡಲಿ.

ಮಾಧ್ಯಮ ಕಲಸುವುದು ನಿಮಗೆ ತಿಳಿಯದ ವಿದ್ಯೆಯಲ್ಲ. ಅಡಿಕೆಗೆ ಸಿಂಪಡಿಸುವ ಬೋರ್ಡೊ ದ್ರಾವಣ ಮಾಡುವಾಗ ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತೀರಿ, ತಿರುಗಾಮುರುಗ ಮಾಡುವುದಿಲ್ಲ. ಕತ್ತಿಯ ಅಲಗು ಅದ್ದಿ ನೋಡಿ, ತಾಮ್ರದ ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣ ಸೇರಿಸುತ್ತೀರಿ. ಅಲ್ಲಿಯೂ ಹಾಗೆಯೇ. ಕ್ಯಾಲ್ಸಿಯಂ ಲವಣವನ್ನು ಗಟ್ಟಿ ದ್ರಾವಣವಾಗಿ ಫಾಸ್ಫೇಟ್, ಸಲ್ಫೇಟುಗಳ ಜೊತೆ ಬೆರೆಸಿದರೆ ತಳಕ್ಕೆ ಬಿಳಿ ಗಸಿ ಕೂರುತ್ತದೆ. ಆ ಗಸಿಯ ಜೊತೆ ಗಿಡದ ಆಹಾರವೂ ಹೋಯಿತು. ಅದಕ್ಕೇ ಕ್ಯಾಲ್ಸಿಯಂ ಬೇರೆ ಬಾಟಲಿ, ಕಬ್ಬಿಣದ್ದು ಬೆಳಕು ತಾಗದ ಕಂದು ಬಾಟಲಿ. 2,4-ಡಿಯನ್ನು ಮೊದಲು ತುಸು ಆಲ್ಕೋಹಾಲಿನಲ್ಲಿ ಕರಗಿಸಿ ಆಮೇಲೆ ನೀರಿಗೆ. ಅಗರ್ ಹಾಕುವ ಮೊದಲು ಪಿಎಚ್ 5.8ಕ್ಕೆ ತರಬೇಕು. ತೀರ ಕೆಳಗಿದ್ದರೆ ಅಗರ್ ಗಟ್ಟಿಯಾಗದೆ ಗಂಜಿಯಾಗುತ್ತದೆ. ಆಟೊಕ್ಲೇವಿನಲ್ಲಿ 121 ಡಿಗ್ರಿ, ಹದಿನೈದಿಪ್ಪತ್ತು ನಿಮಿಷ. ಹೆಚ್ಚು ಬೇಯಿಸಿದರೆ ಸಕ್ಕರೆ ಒಡೆದು ಮಾಧ್ಯಮ ಕೆಂಪಗಾಗುತ್ತದೆ. ಆಟಿಯ ಮಳೆಯಲ್ಲಿ ಬೂಸಲು ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ. ಉಪ್ಪಿನಕಾಯಿ ಭರಣಿಗೆ ಒದ್ದೆ ಸೌಟು ಹಾಕಿದರೆ ಮನೆಯಲ್ಲಿ ಬೈಗುಳ ತಿನ್ನುವ ನಮ್ಮ ಜಿಲ್ಲೆಯವರಿಗೆ ಈ ಶಿಸ್ತು ರಕ್ತದಲ್ಲೇ ಇದೆ ಎಂಬುದು ನಮ್ಮ ಗುಮಾನಿ. ಎರಡು ಮೂರು ವಾರ ಚೆನ್ನಾಗಿದ್ದು ಆಮೇಲೆ ಬುಡದಲ್ಲಿ ಹಾಲಿನಂಥ ಪರೆ ಕಂಡರೆ ಮಾತ್ರ ಕೈಯ ತಪ್ಪಲ್ಲ. ಅದು ಅಂಗಾಂಶದ ಒಳಗೇ ಇದ್ದ ಬ್ಯಾಕ್ಟೀರಿಯಾ, ಹೊರಗಿನಿಂದ ಎಷ್ಟು ತೊಳೆದರೂ ಹೋಗುವುದಿಲ್ಲ.

ಇಷ್ಟೆಲ್ಲ ಮಾಡಿ ಗಿಡ ಬಂದರೂ ಅದು ತಾಯಿಮರದ ಪ್ರತಿ ಅಲ್ಲ, ಏಕೆಂದರೆ ಭ್ರೂಣವೇ ಮುಂದಿನ ತಲೆಮಾರು. ತಾಯಿಯದೇ ನಕಲು ಬೇಕಾದರೆ ಎಳೆಯ ಹೂಗೊಂಚಲಿನಿಂದ ಹೊರಡಬೇಕು. ತೆಂಗಿನಲ್ಲಿ ಆ ದಾರಿ ಇನ್ನೂ ಕಠಿಣ. ಅಡಿಕೆಯಲ್ಲಿ ತೆರೆದಿದೆ: ಹಾಳೆ ಬಿಚ್ಚದ ಎಳೆಯ ಹಿಂಗಾರದಿಂದ ಗಿಡ ಮಾಡುವ ಕ್ರಮವನ್ನು ನಮ್ಮ ಕೂಡ್ಲಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐಯವರೇ ರೂಪಿಸಿದ್ದಾರೆ. ತೆಂಗಿನಲ್ಲಿ ಕಂಕುಳ ಮೊಗ್ಗಿನಂಥ ಚಿಗುರುಗಳನ್ನು ಎಬ್ಬಿಸಿ ಸಸಿಗಳನ್ನು ಹೆಚ್ಚಿಸುವ ವಿಧಾನವೊಂದು 2021ರಲ್ಲಿ ಬೆಲ್ಜಿಯಂನ ಲ್ಯೂವೆನ್‌ನಿಂದ ಪ್ರಕಟವಾಯಿತು.

ವಿಚಿತ್ರ ನೋಡಿ. 1941ರಲ್ಲಿ ವಾನ್ ಓವರ್‌ಬೀಕ್ ಎಂಬವರು ಉಮ್ಮತ್ತಿಯ ಎಳೆ ಭ್ರೂಣಗಳನ್ನು ಗಾಜಿನೊಳಗೆ ಬೆಳೆಸಲು ಹೆಣಗಿ, ಕೊನೆಗೆ ಬೊಂಡದ ನೀರು ಹಾಕಿ ಗೆದ್ದರು. ಆಮೇಲೆ ವಿಜ್ಞಾನಿ ಸ್ಟೂವರ್ಡ್‌ರ ಬಾಟಲಿಯಲ್ಲಿ ಬೆಳೆಸಿದ ಕ್ಯಾರೆಟ್ ಕೋಶಗಳಿಗೂ ಅದೇ ನೀರು. ಜಗತ್ತಿನ ಪರರ ಮಕ್ಕಳನ್ನೆಲ್ಲ ಸಾಕಿದ ತೆಂಗು, ತನ್ನ ಸಂತಾನದ ವಿಷಯಕ್ಕೆ ಬಂದಾಗ ಮುಷ್ಕರ ಹೂಡುತ್ತದೆ.

ಈಗ ಲೆಕ್ಕ ಹಾಕಿ. ರಾಸಾಯನಿಕ ತರಿಸಿ ಬೂಸಲು ಹತೋಟಿಗೆ ಬರುವಾಗ ಆರು ತಿಂಗಳು. ಭರವಸೆಯ ಕ್ಯಾಲಸ್ (ಗಿಡವಾಗುವ ಮೊದಲಿನ ಕೋಶಗಳ ಮುದ್ದೆ) ಕಾಣುವಾಗ ವರ್ಷ. ಚಿಗುರಿದರೆ ಬೇರಿಲ್ಲ, ಬೇರಿದ್ದರೆ ಚಿಗುರಿಲ್ಲ ಎಂಬ ಆಟ ಮುಗಿಯುವ ಮೊದಲೇ ಪ್ರಾಜೆಕ್ಟಿನ ತಾರೀಖು ಮುಗಿದಿರುತ್ತದೆ. ನಾಲ್ಕರಿಂದ ಆರು ವಾರಕ್ಕೊಮ್ಮೆ ಹೊಸ ಮಾಧ್ಯಮಕ್ಕೆ ದಾಟಿಸದಿದ್ದರೆ ಬಾಟಲಿಯೊಳಗಿನದ್ದು ಕಂದಾಗಿ ಸಾಯುತ್ತದೆ. ಹುಡುಗಿ ಹೋದ ಮೇಲೆ ದಾಟಿಸುವವರು ಯಾರು? ವರದಿಯಲ್ಲಿ "ಕ್ಯಾಲಸ್ ಪಡೆಯಲಾಯಿತು" ಎಂದು ಒಂದು ಸಾಲು, ಬಾಟಲಿಗಳು ತೊಳೆಯುವ ತೊಟ್ಟಿಗೆ. ಮುಂದಿನ ಪ್ರಾಜೆಕ್ಟಿಗೆ ಬರುವ ಇನ್ನೊಬ್ಬರು ಮತ್ತೆ ಒಂದನೆಯ ಪುಟದಿಂದ.

ಅವಸರ ಮಾಡಿದರೆ ಏನಾಗುತ್ತದೆಂದು ತಾಳೆಎಣ್ಣೆ ಮರ ತೋರಿಸಿಕೊಟ್ಟಿದೆ. ಅಂಗಾಂಶ ಕೃಷಿಯ ಸಸಿಗಳು ಬಾಟಲಿಯಲ್ಲಿ ಚಂದ, ನರ್ಸರಿಯಲ್ಲಿ ಚಂದ, ತೋಟದಲ್ಲೂ ಚಂದ. 1980ರ ದಶಕದಲ್ಲಿ ಹೂ ಬಿಟ್ಟಾಗ ನೋಡಿದರೆ, ಕೆಲವು ಮರಗಳ ಹೂವಿನಲ್ಲಿ ಕೇಸರ ಇರಬೇಕಾದಲ್ಲಿ ಅಂಡಕೋಶದಂಥ ಭಾಗಗಳು, ಹಣ್ಣು ಸರಿಯಾಗಿ ಕಟ್ಟದ ಗೊನೆಗಳು. ಕಾರಣ ತಿಳಿದದ್ದು 2015ರಲ್ಲಿ. ಡಿಎನ್ಎಯ ಅಕ್ಷರ ಒಂದೂ ಬದಲಾಗಿರಲಿಲ್ಲ. ಹೂವನ್ನು ರೂಪಿಸುವ ಜೀನಿನ ನಡುವೆ ಹೊಕ್ಕು ಕೂತಿದ್ದ ಒಂದು ಜಿಗಿಯುವ ಡಿಎನ್ಎ ತುಣುಕಿನ ಮೇಲಿನ ಮಿಥೈಲ್ ಬೀಗ (ಅದನ್ನು ಸುಮ್ಮನಿರಿಸುವ ರಾಸಾಯನಿಕ ಗುರುತು) ಬಾಟಲಿಯ ವಾಸದಲ್ಲಿ ಕಳಚಿಹೋಗಿತ್ತು. ಆ ತುಣುಕಿಗೆ ವಿಜ್ಞಾನಿಗಳ ಪುಸ್ತಕದಲ್ಲಿರುವ ಹೆಸರೇನು ಗೊತ್ತೇ? ಕರ್ಮ! ನಾವು ಹುಟ್ಟಿಸಿದ ಹೆಸರಲ್ಲ. ಎರಡು ವರ್ಷದ ಫೆಲೋಶಿಪ್ಪಿಗೆ ಈ ಕರ್ಮ ಕಾಣುವುದಿಲ್ಲ, ಏಕೆಂದರೆ ಎತ್ತರದ ತೆಂಗು ಹೂ ಬಿಡಲು ಆರೇಳು ವರ್ಷ ಬೇಕು.

ಇದೇ ಜಿಲ್ಲೆಯಲ್ಲಿ ತಾಳ್ಮೆಯ ಕೆಲಸ ನಡೆದಿಲ್ಲವೇ? 1916ರಲ್ಲಿ ಮದ್ರಾಸ್ ಸರಕಾರ ಕಾಸರಗೋಡು, ಪಿಲಿಕ್ಕೋಡು, ನೀಲೇಶ್ವರಗಳಲ್ಲಿ ತೆಂಗಿನ ಕೇಂದ್ರ ತೆರೆಯಿತು. ನೀಲೇಶ್ವರದಲ್ಲಿ 1932ರಲ್ಲಿ ಜೆ. ಎಸ್. ಪಟೇಲ್ ಪಶ್ಚಿಮ ಕರಾವಳಿಯ ಎತ್ತರದ ತಳಿಗೆ ಚಾವಕ್ಕಾಡಿನ ಹಸಿರು ಗಿಡ್ಡ ತಳಿಯ ಪರಾಗ ಹಾಕಿಸಿದರು. ಸಂಕರದ ಹುರುಪಿನ ವರದಿ ಬಂದದ್ದು ಐದು ವರ್ಷದ ಬಳಿಕ. ಇಂದಿನ ಅರ್ಧವಾರ್ಷಿಕ ಪ್ರಗತಿ ಫಾರಂ ಆಗ ಇದ್ದಿದ್ದರೆ ಪಟೇಲರು ಏನು ತುಂಬುತ್ತಿದ್ದರೋ!

ಇನ್ನು ನಿಮ್ಮನ್ನು ಸ್ವಲ್ಪ ಗದರಬೇಕು. ಮೂವತ್ತು ವರ್ಷ ಪಾಠ ಹೇಳಿದವರು "ಕುಲಾಂತರಿ ಟಿಶ್ಯೂ ಕಲ್ಚರ್" ಎಂದು ಒಂದೇ ಉಸಿರಿನಲ್ಲಿ ಬರೆಯಬಹುದೇ? ನಿಮ್ಮ ತೋಟದ ಬದುವಿನಲ್ಲಿ ಟಿಶ್ಯೂ ಕಲ್ಚರ್ ಬಾಳೆ ಇದ್ದರೂ ಇದ್ದೀತು. ಅದರಲ್ಲಿ ಬೇರೆ ಜೀವಿಯ ಜೀನ್ ಇಲ್ಲ. ಕಂದಿನ ಬದಲು ಬಾಟಲಿ, ಅಷ್ಟೇ. ಕುಲಾಂತರಿ ಎಂದರೆ ಹೊರಗಿನ ಜೀನ್ ತಂದು ಕೂರಿಸಿದ್ದು: 2002ರಲ್ಲಿ ಅನುಮತಿ ಪಡೆದ ಬಿಟಿ ಹತ್ತಿ, 2010ರಲ್ಲಿ ತಡೆ ಬಿದ್ದ ಬಿಟಿ ಬದನೆ. ಇದ್ದ ಜೀನನ್ನೇ ತಿದ್ದುವ ಜೀನೋಮ್ ಎಡಿಟಿಂಗ್ ಮೂರನೆಯದು. ಅದರಲ್ಲಿ ಹೊರಗಿನ ಜೀನ್ ಉಳಿಯದ ಬಗೆಗಳಿಗೆ 2022ರ ಮಾರ್ಚಿನಲ್ಲಿ ಕೇಂದ್ರ ನಿಯಮ ಸಡಿಲಿಸಿತು, 2025ರ ಮೇಯಲ್ಲಿ ಅಂಥ ಎರಡು ಭತ್ತದ ತಳಿ ಪ್ರಕಟವಾದವು. ಇವನ್ನೂ ಪ್ರಶ್ನಿಸುವವರಿದ್ದಾರೆ, ಪ್ರಶ್ನಿಸಲಿ. ಎಂಡೋಸಲ್ಫಾನ್ ಕೀಟನಾಶಕದ ಹಾನಿ ಕಂಡ ಜಿಲ್ಲೆಗೆ ಅನುಮಾನದ ಹಕ್ಕು ಇದೆ. ಆದರೆ ಯಾವುದು ಯಾವುದೆಂದು ತಿಳಿದು ಅನುಮಾನಿಸೋಣ.

ಹಾಗೆ ನೋಡಿದರೆ ತಪ್ಪು ಪೂರ್ತಿ ನಿಮ್ಮದಲ್ಲ. ಇದನ್ನೆಲ್ಲ ಕನ್ನಡದಲ್ಲಿ ಹೇಳಿದವರು ಯಾರು? ಚಂದ್ರಗಿರಿ ಹೊಳೆಯ ಈಚೆಗೆ ಕನ್ನಡ ಮಾಧ್ಯಮದ ಮಕ್ಕಳಿಗೆ ಕನ್ನಡ ಬಾರದ ಅಧ್ಯಾಪಕರನ್ನು ಕಳಿಸಿದ್ದರ ವಿರುದ್ಧ ಎಷ್ಟು ಸಲ ಹೆತ್ತವರು, ಮಕ್ಕಳು ಶಾಲೆಯ ಗೇಟಿನಲ್ಲಿ ಕೂರಲಿಲ್ಲ? ಕೋಶವಿಭಜನೆಯನ್ನು ತಿಳಿಯದ ಭಾಷೆಯಲ್ಲಿ ಕೇಳಿ ಉರು ಹೊಡೆದ ಹುಡುಗ ಮುಂದೆ ಅಡಿಕೆಯ ಹಳದಿ ಎಲೆ ರೋಗದ ಕರಪತ್ರವನ್ನು ಇಂಗ್ಲಿಷಿನಲ್ಲಿ ಓದಬೇಕು. ನಿಮ್ಮ ಮಗಳಂಥವರು ವರ್ಷಕ್ಕೆ ಎರಡು ಲೇಖನ ಕನ್ನಡದಲ್ಲಿ ಬರೆದರೆ, ಅದು ಬಯೊಡೇಟಾದಲ್ಲಿ ಎಣಿಕೆಗೆ ಬಾರದಿದ್ದರೂ, ನಮ್ಮ ಪುಟಗಳು ಕಾದಿವೆ.

ವಿದೇಶಕ್ಕೆ ಹೋಗಲೇಬಾರದೆಂದು ನಾವು ಹೇಳುತ್ತಿಲ್ಲ. ತೆಂಗಿನ ಕೆಲಸವನ್ನು ಒಪ್ಪುವ ಮೊದಲು ಅವಳು ಕೆಲವನ್ನು ಬರೆದು ಕೇಳಲಿ. ಹುದ್ದೆ ಅವಳ ಸ್ವಂತ ಫೆಲೋಶಿಪ್ಪೋ, ಪ್ರಾಜೆಕ್ಟಿನದ್ದೋ? ಪ್ರಾಜೆಕ್ಟಿನದ್ದಾದರೆ ಅವಧಿಯಲ್ಲಿ ಎಷ್ಟು ತಿಂಗಳು ಈಗಾಗಲೇ ಕಳೆದಿದೆ? ಕರೆಂಟು ಹೋದಾಗ ಕಲ್ಚರ್ ಕೋಣೆಯ ಎಸಿ ಜನರೇಟರಿನಲ್ಲಿ ನಡೆಯುತ್ತದೆಯೇ, ದೀಪ ಮಾತ್ರವೇ? ಹಿಂದಿನವರ ನೋಟ್‌ಬುಕ್ ನೋಡಲು ಸಿಗುತ್ತದೆಯೇ? ಅವಳು ಹೊರಟ ಮೇಲೆ ಬಾಟಲಿ ದಾಟಿಸುವ ಕಾಯಂ ಸಿಬ್ಬಂದಿ ಯಾರು? ಕೊನೆಯ ಪ್ರಶ್ನೆಗೆ ಹೆಸರು ಹಿಡಿದು ಉತ್ತರ ಬಂದರೆ ಧೈರ್ಯವಾಗಿ ಸೇರಲಿ.

ನಿಮಗೂ ಒಂದು ಕೆಲಸವಿದೆ. ಅಕ್ಕಪಕ್ಕದ ಮರಗಳೆಲ್ಲ ಹಳದಿ ಎಲೆ ರೋಗಕ್ಕೆ ಸೋತ ತೋಟದಲ್ಲಿ ವರ್ಷಗಳಿಂದ ಹಸಿರಾಗಿಯೇ ನಿಂತ ಅಡಿಕೆ ಮರಗಳನ್ನು ಹುಡುಕಿ, ಅವುಗಳ ಹಿಂಗಾರದಿಂದ ಸಸಿ ಮಾಡುವುದೇ ಈ ವಿದ್ಯೆಯ ಈಗಿನ ದಾರಿ. ನಿಮ್ಮ ಪರಿಚಯದ ಗಡಿಭಾಗದ ತೋಟಗಳಲ್ಲಿ ಅಂಥ ಮರ ಕಂಡರೆ ಸುಣ್ಣದಲ್ಲಿ ನಂಬರ್ ಬರೆದು, ವರ್ಷಕ್ಕೆ ಎಷ್ಟು ಗೊನೆ, ಯಾವ ತಿಂಗಳಲ್ಲಿ ಹಾಳೆ ಬಿದ್ದಿತು ಎಂದು ಹಳೆಯ ಹಾಜರಿ ಪುಸ್ತಕದಲ್ಲಿ ಬರೆದಿಡಿ. ಹಾಜರಿ ಹಾಕುವ ಅಭ್ಯಾಸ ನಿಮಗಿದೆ.