ಆಟದ ಮೇಜು: ಮನಸ್ಸು ಓದುವ ಯೋಗಿನಿ ಬಂದರೆ ಕಥೆ ಉಳಿಯುತ್ತದೆಯೇ?

ಪ್ರಶ್ನೆ: ನಾವು ಐವರು ಸ್ನೇಹಿತರು ಭಾನುವಾರ ಹನುಮಂತನಗರದ ನಮ್ಮ ಮನೆಯಲ್ಲಿ ಸೇರಿ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಉರುಳಿಸುತ್ತ ಕಥೆ ಕಟ್ಟುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟವನ್ನು ಕನ್ನಡದಲ್ಲೇ ಆಡುತ್ತೇವೆ. ಒಬ್ಬರು ಯಲಹಂಕದಿಂದ ಎರಡು ಬಸ್ಸು ಹತ್ತಿ ಬರುತ್ತಾರೆ. ಆಟ ನಡೆಸುವವನು ನಾನು. ತುಂಗಭದ್ರೆಯ ದಡದ ಒಂದು ಕಾಲ್ಪನಿಕ ರಾಜ್ಯದಲ್ಲಿ ಅರಸನಿಗೆ ವಿಷವಿಟ್ಟವರು ಯಾರು ಎಂಬುದು ಕಥೆ. ಈಗ ಒಬ್ಬ ಗೆಳತಿ ಪರರ ಮನಸ್ಸು ಓದಬಲ್ಲ ಯೋಗಿನಿಯ ಪಾತ್ರ ಕೇಳುತ್ತಿದ್ದಾಳೆ. ಕೊಟ್ಟರೆ ಮೊದಲ ದಿನವೇ ಮಂತ್ರಿಯ ಮನಸ್ಸು ಓದಿ ಕಥೆ ಮುಗಿಸುತ್ತಾಳೆ ಎಂಬ ಭಯ. ಮನೋಶಕ್ತಿಗೆಂದೇ ಹೊಸ ನಿಯಮ ಬರೆಯಲೇ, ಬೇಡವೆಂದುಬಿಡಲೇ?
— ಒಬ್ಬ ಓದುಗ, ಹನುಮಂತನಗರ

ಉತ್ತರ: ಕೊಡಿ. ದಯವಿಟ್ಟು ಕೊಡಿ. ಇಂಥ ಪಾತ್ರವನ್ನು ಬಾಯಿಬಿಟ್ಟು ಕೇಳುವ ಆಟಗಾರ್ತಿ ಸಿಗುವುದು ಆಟ ನಡೆಸುವವರ ಪುಣ್ಯ.

ಹೊಸ ನಿಯಮಗಳ ಕಂತೆ ಮಾತ್ರ ಬೇಡ. ಈ ಆಟಕ್ಕೆ ಮನೋಶಕ್ತಿ ಬಂದದ್ದು 1976ರ ಒಂದು ಪುರವಣಿಯಲ್ಲಿ. 1978ರ ಆಟಗಾರರ ಕೈಪಿಡಿ ಅದನ್ನು ಅನುಬಂಧದಲ್ಲಿಟ್ಟಿತು. ದಾಳದ ಅದೃಷ್ಟವಿದ್ದವರಿಗಷ್ಟೇ ಆ ಶಕ್ತಿ. ಮನಸ್ಸು ಮನಸ್ಸಿನ ಕಾಳಗಕ್ಕೆ ಐದು ಬಗೆಯ ದಾಳಿ, ಐದು ಬಗೆಯ ರಕ್ಷಣೆ, ಬೇರೆಯದೇ ಕೋಷ್ಟಕಗಳು. ಹಾಗೆ ಮಾಡಿದಾಗ ಒಬ್ಬರು ತಮ್ಮದೇ ಆಟ ಆಡುತ್ತಾರೆ, ಉಳಿದವರು ಕೈಕಟ್ಟಿ ನೋಡುತ್ತಾರೆ. ಯಲಹಂಕದಿಂದ ಬರುವ ನಿಮ್ಮ ಗೆಳೆಯ ನೋಡುವುದಕ್ಕೆಂದು ಎರಡು ಬಸ್ಸು ಹತ್ತುವುದಿಲ್ಲ. 2020ರಲ್ಲಿ ಬಂದ ಸೈ ವಾರಿಯರ್ ಎಂಬ ಮನಶ್ಶಕ್ತಿಯ ಯೋಧನ ಪಾತ್ರ ಎಷ್ಟು ಸರಳ ನೋಡಿ: ಆಡುತ್ತಾ ಪಾತ್ರ ಮೂರನೆಯ ಹಂತಕ್ಕೇರಿದಾಗ ಆರು ಮುಖದ ನಾಲ್ಕು ದಾಳಗಳು, ಅವೇ ಅವನ ಮನಶ್ಶಕ್ತಿ. ಶಕ್ತಿ ಬಳಸಿ ಖರ್ಚಾದವು ರಾತ್ರಿಯ ದೀರ್ಘ ವಿಶ್ರಾಂತಿಯ ನಂತರ ಮರಳುತ್ತವೆ. ಯೋಗಿನಿಗೂ ಅಂಥ ನಾಲ್ಕು ದಾಳ ಕೊಡಿ, ಲೆಕ್ಕ ಅಲ್ಲಿಗೆ ಸಾಕು.

ಇನ್ನು ನಿಮ್ಮ ಭಯ. ಮನಸ್ಸು ಓದುವ ಮಂತ್ರ ನಿಮ್ಮ ಪುಸ್ತಕದಲ್ಲಿ ಈಗಾಗಲೇ ಇದೆ. ಡಿಟೆಕ್ಟ್ ಥಾಟ್ಸ್ ಎಂಬ ಅದು ಮಂತ್ರಗಳ ಶ್ರೇಣಿಯಲ್ಲಿ ಎರಡನೆಯ ಮಟ್ಟದ್ದು, ಮೂರನೆಯ ಹಂತದ ಮಂತ್ರವಾದಿಗೇ ದಕ್ಕುತ್ತದೆ. ಅದು ಮೊದಲು ತೋರಿಸುವುದು ಮೇಲ್ಪದರದ ಯೋಚನೆಗಳನ್ನಷ್ಟೇ. ಆಳಕ್ಕೆ ಇಳಿದರೆ ಎದುರಿನವನಿಗೆ ತಡೆಯಲು ಒಂದು ದಾಳ ಸಿಗುತ್ತದೆ, ಯಾರೋ ಒಳಗೆ ಕೈ ಹಾಕಿದ್ದಾರೆಂಬುದೂ ತಿಳಿಯುತ್ತದೆ. ಯೋಗಿನಿ ಬಾರದಿದ್ದರೂ ನಿಮ್ಮ ಮಂತ್ರಿ ಈ ಪರೀಕ್ಷೆಗೆ ಸಿದ್ಧನಾಗಿರಲೇಬೇಕು.

ನನಗೆ ಇದಕ್ಕಿಂತ ಒಳ್ಳೆಯ ಮಿತಿ ಸಿಕ್ಕಿದ್ದು ಪತಂಜಲಿಯ ಯೋಗಸೂತ್ರದಲ್ಲಿ, ಸಿದ್ಧಿಗಳನ್ನು ಹೇಳುವ ವಿಭೂತಿಪಾದದಲ್ಲಿ. ಪರಚಿತ್ತಜ್ಞಾನ ಯೋಗಿಗೆ ಸಾಧ್ಯ ಎಂದ ಸೂತ್ರದ ಬೆನ್ನಿಗೇ ಇನ್ನೊಂದು ಸೂತ್ರವಿದೆ: ಆ ಅರಿವು ಮನಸ್ಸಿನ ಆಲಂಬನವನ್ನು, ಅಂದರೆ ಮನಸ್ಸು ಹಿಡಿದಿರುವ ವಸ್ತುವನ್ನು, ಮುಟ್ಟುವುದಿಲ್ಲ. ಸೂತ್ರಗಳ ವ್ಯಾಖ್ಯಾನವಾದ ವ್ಯಾಸಭಾಷ್ಯ ಬಿಡಿಸಿ ಹೇಳುತ್ತದೆ: ಈ ಮನಸ್ಸು ಅನುರಕ್ತವಾಗಿದೆ ಎಂದು ಯೋಗಿ ಅರಿಯುತ್ತಾನೆ, ಯಾವುದರಲ್ಲಿ ಎಂದು ಅರಿಯುವುದಿಲ್ಲ. ಆಟ ನಡೆಸುವವರಿಗೆ ಇದಕ್ಕಿಂತ ಇನ್ನೇನು ಬೇಕು! ಯೋಗಿನಿ ಮಂತ್ರಿಯ ಎದುರು ಕೂತು ಒಂದು ದಾಳ ಖರ್ಚು ಮಾಡುತ್ತಾಳೆ. ನೀವು ಹೇಳುತ್ತೀರಿ: ‘ಅವನಿಗೆ ಭಯವಿದೆ. ಅರಸನ ಹೆಸರೆತ್ತಿದಾಗ ಕಡಿಮೆ, ಅಡುಗೆಮನೆಯ ಮಾತು ಬಂದಾಗ ಹೆಚ್ಚು.’ ಅಷ್ಟೇ ಹೇಳಿ ನಿಲ್ಲಿಸಿ. ಈಗ ಕಳ್ಳನ ಪಾತ್ರದವನು ಅಡುಗೆಮನೆಗೆ ನುಗ್ಗಬೇಕು, ಮಾತುಗಾರ ಮಂತ್ರಿಯ ಬಾಯಿಗೆ ಅಡುಗೆಯವನ ಹೆಸರು ತರಿಸಬೇಕು. ಶಕ್ತಿ ಒಬ್ಬಳದು, ಕೆಲಸ ಐವರದು.

ಇನ್ನೊಂದು ವಿಷಯವನ್ನೂ ಬಳಸಿಕೊಳ್ಳಿ. ಮನಸ್ಸಿನಲ್ಲಿರುವುದು ಆ ವ್ಯಕ್ತಿ ನಂಬಿದ್ದು ಮಾತ್ರ. ತಾನು ಕೊಟ್ಟದ್ದು ಕಷಾಯವೆಂದೇ ನಂಬಿದ ಅಡುಗೆಯವನ ಮನಸ್ಸು ಆಳದವರೆಗೂ ತಿಳಿಯಾಗಿರುತ್ತದೆ. ತಪ್ಪು ಮಾಡದೆಯೂ ತಾನೇ ಕಾರಣ ಎಂದು ಕೊರಗುವ ರಾಣಿಯ ಮನಸ್ಸು ಅಪರಾಧಿಯ ಮನಸ್ಸಿನಂತೆಯೇ ಕಾಣುತ್ತದೆ. ಇಲ್ಲಿ ಆಟಗಾರರಿಗೆ ಸುಳ್ಳು ಹೇಳಬೇಡಿ. ಯೋಗಿನಿ ಕಂಡದ್ದು ನಿಜವೇ ಆಗಿರಲಿ, ಅದರ ಅರ್ಥವನ್ನು ಅವರೇ ಕಟ್ಟಲಿ.

ಪಾತ್ರ ಮೇಲಿನ ಹಂತಕ್ಕೇರಿ ಪರಕಾಯಪ್ರವೇಶ ಕೇಳಿದರೆ ಅಮರುಕ ರಾಜನ ಕಥೆ ನೆನೆಯಿರಿ. ಶಂಕರರು ರಾಜನ ದೇಹ ಹೊಕ್ಕಾಗ ಅವರ ಸ್ವಂತ ದೇಹವನ್ನು ಗುಹೆಯಲ್ಲಿ ಶಿಷ್ಯರು ಕಾಯುತ್ತಿದ್ದರು. ನಿಮ್ಮ ಮೇಜಿನಲ್ಲೂ ಉಳಿದ ಪಾತ್ರಗಳು ಗುಹೆಯ ಬಾಗಿಲಲ್ಲಿ ನಿಲ್ಲಲಿ. ಶತ್ರುವಿನ ಕುದುರೆಗಳು ಆ ದಾರಿ ಹಿಡಿದರೆ ಭಾನುವಾರ ಮಧ್ಯಾಹ್ನ ಸಾಲುವುದಿಲ್ಲ.

ಪ್ರಶ್ನೆ: ನಮ್ಮ ಆಟದಲ್ಲಿ ಒಬ್ಬನ ಪಾತ್ರಕ್ಕೆ ವಶೀಕರಣ ಶಕ್ತಿಯಿದೆ. ಅದನ್ನು ಅವನು ನಮ್ಮ ಪಾತ್ರಗಳ ಮೇಲೇ ಬಳಸುತ್ತಾನೆ. ನಿಯಮದಲ್ಲಿ ತಪ್ಪಿಲ್ಲ ಎನ್ನುತ್ತಾನೆ.
— ಕಾಲೇಜು ವಿದ್ಯಾರ್ಥಿನಿ, ವಿಜಯನಗರ

ಉತ್ತರ: ನಿಯಮ ಏನೇ ಹೇಳಲಿ, ಒಪ್ಪಿಗೆಯಿಲ್ಲದೆ ಬೇಡ. ಆಟಗಾರರ ಕೈಯಲ್ಲಿರುವುದು ತಮ್ಮ ಪಾತ್ರದ ನಿರ್ಧಾರವೊಂದೇ. ಅದನ್ನೂ ಕಿತ್ತುಕೊಂಡರೆ ಅವರು ಅಲ್ಲಿ ಕೂರುವುದಾದರೂ ಏಕೆ? ಮುಂದಿನ ಆಟ ಶುರುವಾಗುವ ಮೊದಲು, ದಾಳ ಕೈಗೆತ್ತಿಕೊಳ್ಳದೆ, ಎಲ್ಲರೂ ಕೂತು ಮಾತನಾಡಿ. ಒಪ್ಪಿದವರ ಮೇಲೆ ಶಕ್ತಿ ನಡೆಯಲಿ, ವಶವಾದ ಪಾತ್ರ ಏನು ಮಾಡಿತೆಂದು ಆ ಪಾತ್ರದ ಆಟಗಾರರೇ ಹೇಳಲಿ. ಆಟ ನಡೆಸುವವರು ಈ ಮಾತೆತ್ತಲು ಹಿಂಜರಿದರೆ ನೀವೇ ಎತ್ತಿ.